ಮೇಕೆ ಕೊಬ್ಬನ್ನು ಎಲ್ಲಿಡುತ್ತದೆ?

ಇಷ್ಟಕ್ಕೆಲ್ಲ ಕಾರಣ ಒಂದು ನಗೆ. ಅದೂ ದೊಡ್ಡ ನಗೆಯಲ್ಲ, ಮೂಗಿನಿಂದ ಪುಸಕ್ಕನೆ ಹೊರಬಿದ್ದದ್ದು. ಸೀನು ಬಂತೆಂದು ಹೇಳಿ ಕರವಸ್ತ್ರ ಒತ್ತಿಕೊಂಡಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಆದರೆ ಸಪ್ಪೆಯವರು ನಕ್ಕದ್ದನ್ನು ಸೀನು ಎನ್ನುವವರ ಪೈಕಿ ಅಲ್ಲ. ನಕ್ಕರೆ ನಕ್ಕೆ ಎನ್ನುತ್ತಾರೆ, ಯಾಕೆ ನಕ್ಕೆ ಎಂದೂ ವಿವರಿಸುತ್ತಾರೆ. ಕೇಳದಿದ್ದರೂ ವಿವರಿಸುತ್ತಾರೆ.

ಸಪ್ಪೆ ಎಂಬುದು ಅವರ ಹೆಸರಲ್ಲ, ಕಚೇರಿ ಕೊಟ್ಟ ಬಿರುದು. ಮೇಕೆಮಾಂಸದ ಗುಣಮಟ್ಟ ಪರೀಕ್ಷಿಸುವ ಆ ಕಚೇರಿಯಲ್ಲಿ ಅವರದು ಕೊಬ್ಬಿನ ಕೋಣೆ. ಮಾಂಸವನ್ನು ಅರೆದು, ಒಣಗಿಸಿ, ಗಾಜಿನ ನಳಿಗೆಯೊಳಗಿಟ್ಟು, ಮೇಲಿನಿಂದ ದ್ರಾವಣ ತೊಟ್ಟಿಕ್ಕಿಸಿ, ಅದರಲ್ಲಿದ್ದ ಜಿಡ್ಡನ್ನೆಲ್ಲ ಕೆಳಗಿನ ಬುಡ್ಡಿಗೆ ಇಳಿಸಿ ತೂಗುವುದು ಅವರ ಕೆಲಸ. ಅವರ ತಕ್ಕಡಿ ಎಷ್ಟು ನಾಜೂಕೆಂದರೆ, ಪಕ್ಕದಲ್ಲಿ ಯಾರಾದರೂ ನಿಟ್ಟುಸಿರು ಬಿಟ್ಟರೂ ಮುಳ್ಳು ಅಲುಗುತ್ತಿತ್ತು. ಆದ್ದರಿಂದ ತೂಕ ನಡೆಯುವಾಗ ಕೋಣೆಗೆ ಬಂದವರು ಉಸಿರು ಬಿಗಿಹಿಡಿದು ನಿಲ್ಲಬೇಕೆಂದು ನಿಯಮ ಮಾಡಿದ್ದರು. ಒಮ್ಮೆ ಹಿರಿಯ ಸಾಹೇಬರೇ ಹಾಗೆ ನಿಂತು, ಮುಖ ಬೀಟ್‌ರೂಟಿನಂತೆ ಮಾಡಿಕೊಂಡು, ಹೇಳಲು ಬಂದದ್ದನ್ನು ಮರೆತು ವಾಪಸು ಹೋಗಿದ್ದರು. ಹೇಳಲು ಬಂದದ್ದು ಮರೆತರೂ ನಿಲ್ಲಿಸಿದ್ದನ್ನು ಅವರು ಮರೆತಿರಲಿಲ್ಲ.

ಕೊಬ್ಬು ತೂಗುವುದರ ಜೊತೆಗೆ, ರುಚಿ ನೋಡುವವರಿಗಾಗಿ ಮಾಂಸ ಬೇಯಿಸುವುದೂ ಅವರದೇ ಪಾಲು. ಬೇಯಿಸುವುದೆಂದರೆ ಬರೀ ನೀರಿನಲ್ಲಿ. ಉಪ್ಪಿಲ್ಲ, ಖಾರವಿಲ್ಲ, ಈರುಳ್ಳಿಯ ಸಿಪ್ಪೆಯೂ ಇಲ್ಲ. "ಉಪ್ಪು ಹಾಕಿದ್ರೆ ಉಪ್ಪಿನ ರುಚಿ ಗೊತ್ತಾಗುತ್ತೆ, ಮಾಂಸದ್ದಲ್ಲ" ಎನ್ನುವುದು ಅವರ ವಾದ. ಅದನ್ನು ತಿಂದವರು ಒಬ್ಬೊಬ್ಬರಾಗಿ ಹೊಟ್ಟೆನೋವು, ಹಲ್ಲುನೋವು ಎಂದು ತಪ್ಪಿಸಿಕೊಂಡು, ಕೊನೆಗೆ ರುಚಿ ನೋಡುವ ತಂಡದಲ್ಲಿ ಉಳಿದದ್ದು ಟೈಪಿಸ್ಟಮ್ಮ, ಡ್ರೈವರಣ್ಣ ಮತ್ತು ಗೇಟಿನ ವಾಚ್‌ಮನ್. ಈ ಮೂವರೇ ಬಿರುದು ದಯಪಾಲಿಸಿದವರು. ಸಪ್ಪೆಯವರು ಅದನ್ನು ಪದಕದಂತೆ ಧರಿಸಿಕೊಂಡು ಓಡಾಡುತ್ತಿದ್ದರು.

ಆ ಬೆಳಗ್ಗೆ ಸಭೆಯಲ್ಲಿ ಹಿರಿಯ ಸಾಹೇಬರು ತಾವೇ ಕಂಡುಹಿಡಿದ ಹೊಸ ಮೇವಿನ ಗುಣಗಾನ ಮಾಡುತ್ತಿದ್ದರು. ಮೇವು ತಿಂದ ಮೇಕೆಯ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ಬಿಡಲಾಗಿತ್ತು. ಮೇಕೆ ತುಂಬಿದ ಚೀಲದಂತೆ ಇತ್ತು.

"ನೋಡಿ, ಬೊಂಬೆ ಬೊಂಬೆ ಹಾಗಿದೆ! ಇದರ ಒಂದು ತುಂಡು ಬಾಯಿಗೆ ಹಾಕಿದ್ರೆ ಸಾಕು, ಮಾಂಸದ ಎಳೆ ಎಳೆಯಿಂದ ಕೊಬ್ಬು ಬೆಣ್ಣೆ ಥರ ಕರಗಿ..."

ಪುಸಕ್ ಆದದ್ದು ಆಗಲೇ.

"ಯಾಕ್ರೀ ನಗು?" ಎಂದರು ಸಾಹೇಬರು.

ಪಕ್ಕದಲ್ಲಿದ್ದ ಹೆಡ್ ಗುಮಾಸ್ತರು ಸಪ್ಪೆಯವರ ಕಾಲು ತುಳಿದರು. ಸಪ್ಪೆಯವರು ಕಾಲು ಬಿಡಿಸಿಕೊಂಡು ಎದ್ದು ನಿಂತರು.

"ಸಾರ್, ಅದು ಮೇಕೆ, ಕುರಿ ಅಲ್ಲ. ಕುರಿಯಾದ್ರೆ ಚರ್ಮದ ಕೆಳಗೆ ಕಂಬಳಿ ಹೊದ್ದ ಹಾಗೆ ಕೊಬ್ಬು ಹೊದ್ಕೊಳ್ಳುತ್ತೆ. ಮೇಕೆ ಹಾಗಲ್ಲ. ನೀವು ಏನು ಬೇಕಾದ್ರೂ ತಿನ್ಸಿ, ಅದು ಕೊಬ್ಬನ್ನ ತಗೊಂಡ್ಹೋಗಿ ಹೊಟ್ಟೆ ಒಳಗೆ ಕಿಡ್ನಿ ಸುತ್ತ ಬಚ್ಚಿಡುತ್ತೆ. ನಮ್ಮತ್ತೆ ಟ್ರಂಕಿನ ತಳದಲ್ಲಿ, ಬಟ್ಟೆ ಕೆಳಗೆ ಒಡವೆ ಬಚ್ಚಿಟ್ಟ ಹಾಗೆ! ಮಾಂಸದ ಪಾಲಿಗೆ ಬರೋದು ಇಲ್ಲ ಅನ್ನುವಷ್ಟೇ. ಕಟುಕ ಹೊಟ್ಟೆ ಸೀಳ್ತಿದ್ದ ಹಾಗೆ ಆ ಕೊಬ್ಬನ್ನ ಕಿತ್ತು ಬಕೆಟ್ಟಿಗೆ ಎಸೀತಾನೆ. ಅಂದ್ರೆ ನಿಮ್ಮ ಮೇವೆಲ್ಲ ಬಕೆಟ್ಟಿಗೆ, ಸಾರ್."

ಹೆಡ್ ಗುಮಾಸ್ತರು ಫ್ಯಾನಿನ ರೆಕ್ಕೆಗಳನ್ನು ಮೊದಲ ಸಲ ನೋಡುತ್ತಿರುವವರಂತೆ ತಲೆಯೆತ್ತಿ ಕೂತರು.

"ಹಾಗಾದ್ರೆ ನಾಲಿಗೆಯೇ ಹೇಳ್ಲಿ," ಎಂದರು ಸಾಹೇಬರು ಮೆಲ್ಲಗೆ. ಅವರು ಮೆಲ್ಲಗೆ ಮಾತಾಡಿದರೆ ಜೋರಾಗಿ ಬೈದದ್ದಕ್ಕಿಂತ ಹೆಚ್ಚು ಭಯ. "ಇವತ್ತೇ ಮಧ್ಯಾಹ್ನ. ನನ್ನ ಮೇವು ತಿಂದ ಮೇಕೆಯದೊಂದು ತೊಡೆ, ಗುಡ್ಡದಲ್ಲಿ ಸುಮ್ನೆ ಮೇಯ್ಕೊಂಡಿದ್ದ ಮೇಕೆಯದೊಂದು ತೊಡೆ. ಇದು ನಂದು, ಅದು ನಿಮ್ದು. ನನ್ನ ಮೇಕೆಯೇ ರುಚಿ ಅಂತ ರುಚಿ ನೋಡೋರು ಹೇಳಿದ್ರೆ ನೀವು ನಾಳೆಯಿಂದ ತೊಗಲಿನ ಶೆಡ್ಡಿಗೆ."

"ಹಾಗೆ ಹೇಳದಿದ್ರೆ?"

"ನೀವು ಈಗ ಹೇಳಿದ್ದೇ ಸರಿ ಅಂತ ಎಲ್ಲರ ಎದುರಿಗೆ ನಾನೇ ಹೇಳ್ತೀನಿ."

"ಆಗ್ಲಿ ಸಾರ್. ಗಟ್ಟಿಯಾಗಿ ಹೇಳ್ಬೇಕಾಗುತ್ತೆ."

ತೊಗಲಿನ ಶೆಡ್ಡೆಂದರೆ ಕಚೇರಿಯ ಹಿತ್ತಲಿನ ತುದಿಯಲ್ಲಿರುವ ತಗಡಿನ ಕೊಟ್ಟಿಗೆ. ಸುಲಿದ ಚರ್ಮಗಳನ್ನು ಅಲ್ಲಿ ಹರಡಿ ಕಲ್ಲುಪ್ಪು ಸುರಿದು ಪೇರಿಸುತ್ತಾರೆ. ಅಲ್ಲಿ ಕೆಲಸ ಮಾಡಿದವರು ಬಸ್ಸು ಹತ್ತಿದರೆ ಅಕ್ಕಪಕ್ಕದ ಸೀಟುಗಳು ತಾವಾಗಿ ಖಾಲಿಯಾಗುತ್ತಿದ್ದವು. ಸಪ್ಪೆಯವರಿಗೆ ವಾಸನೆಯ ಭಯಕ್ಕಿಂತ ಹೆಚ್ಚಾಗಿ ತಮ್ಮ ಕೋಣೆಯ ಮೇಲೆ ಪ್ರಾಣವಿತ್ತು. ಪೂರ್ವದ ಕಿಟಕಿ, ಸಾಲಾಗಿ ನಿಂತ ಬುಡ್ಡಿಗಳು, ಗಾಜಿನ ಪೆಟ್ಟಿಗೆಯೊಳಗಿನ ಆ ತಕ್ಕಡಿ. ಅದನ್ನು ಒರೆಸಲು ಅವರು ಬೇರೆಯವರಿಗೆ ಬಿಡುತ್ತಿರಲಿಲ್ಲ, ಕಚೇರಿಯ ಬಟ್ಟೆಯನ್ನೂ ಮುಟ್ಟುತ್ತಿರಲಿಲ್ಲ. ಮನೆಯಿಂದ ಒಗೆದು ತಂದ ಕರವಸ್ತ್ರವೇ ಆಗಬೇಕು. ಇನ್ನೊಬ್ಬ ಯಾರೋ ಅದರ ಮುಂದೆ ಕೂತು ಆಕಳಿಸುವುದನ್ನು ನೆನೆಸಿಕೊಂಡರೆ ಎದ್ದು ಹೋಗಿ ಅದನ್ನು ಇನ್ನೊಮ್ಮೆ ಒರೆಸಿ ಬರುತ್ತಿದ್ದರು.

ಸಭೆ ಮುಗಿಸಿ ಕೋಣೆಗೆ ಬರುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಟೈಪಿಸ್ಟಮ್ಮನ ದಯೆಯಿಂದ ಸುದ್ದಿ ಆಗಲೇ ಮನೆ ತಲುಪಿತ್ತು.

"ರೀ, ಸಾಹೇಬರ ಮುಂದೆ ನಕ್ರಂತೆ?" ಎಂದಳು ಹೆಂಡತಿ.

"ನಗು ಬಂತು, ನಕ್ಕೆ."

"ನಮ್ಮಮ್ಮನ ಒಡವೆ ವಿಷಯ ಬೇರೆ ಎತ್ತಿದ್ರಂತೆ?"

"ಅದು ಬರೀ ಉದಾಹರಣೆ ಕಣೇ."

"ಈಗಲೇ ಹೋಗಿ ತಪ್ಪಾಯ್ತು ಅಂದ್ಬಿಡಿ. ಒಂದು ಮಾತು ಅಂದ್ರೆ ನಾಲಿಗೆ ಸವೆದುಹೋಗುತ್ತಾ?"

"ಮೇಕೆ ಮೊದ್ಲು ಬಂದು ತಪ್ಪಾಯ್ತು ಅನ್ಲಿ, ಆಮೇಲೆ ನಾನು ಅಂತೀನಿ."

"ಆ ಶೆಡ್ಡಿಗೆ ಹಾಕಿದ್ರೆ ಮನೆ ಒಳಗೆ ಸೇರ್ಸಲ್ಲ, ಈಗಲೇ ಹೇಳಿದ್ದೀನಿ. ಬಾಗಿಲ ಹೊರಗೆ ಚಾಪೆ ಹಾಕಿರ್ತೀನಿ, ಮಲಗಿ."

ಸಪ್ಪೆಯವರು ಫೋನಿಟ್ಟು ತೋಳು ಮಡಚಿದರು. ಹಿಡಿದ ಹಟ ಬಿಡುವವರಾಗಿದ್ದರೆ ಇಷ್ಟು ಹೊತ್ತಿಗೆ ಅವರೂ ಒಬ್ಬ ಸಾಹೇಬರಾಗಿರುತ್ತಿದ್ದರು.

ಪಕ್ಷಪಾತವಾಗಬಾರದೆಂದು ಸಾಹೇಬರು ಒಂದು ಏರ್ಪಾಡು ಮಾಡಿದ್ದರು. ತಣ್ಣನೆಯ ಕೋಣೆಯಿಂದ ಎರಡು ತೊಡೆಗಳನ್ನು ತೆಗೆದು, ಬಾಗಿಲು ಹಾಕಿಕೊಂಡು, ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ನೀಲಿ ದಾರ ಕಟ್ಟುವ ಕೆಲಸ ಹೆಡ್ ಗುಮಾಸ್ತರದು. ಯಾವ ದಾರ ಯಾವ ಮೇಕೆಗೆಂದು ಅವರೊಬ್ಬರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಬಾರದು. ಬರೆದಿಟ್ಟರೆ ಯಾರಾದರೂ ಓದಿಯಾರು ಎಂದು ಬರೆಯಲೂ ಕೂಡದು. "ಎಲ್ಲಾ ಇಲ್ಲಿದೆ" ಎಂದು ಅವರು ಹಣೆ ತಟ್ಟಿಕೊಂಡರು. ಅವರ ಕನ್ನಡಕವೂ ಅಲ್ಲೇ ಇತ್ತು. ಅದನ್ನವರು ಬೆಳಗ್ಗೆಯಿಂದ ಹುಡುಕುತ್ತಿದ್ದರು.

ಸಪ್ಪೆಯವರು ಎರಡೂ ತೊಡೆಗಳ ಒಂದೇ ಭಾಗದಿಂದ ಒಂದೇ ಅಳತೆಯ ತುಂಡುಗಳನ್ನು ಕತ್ತರಿಸಿದರು. ಅಂಚಿನ ಪೊರೆ, ನರ ಎಲ್ಲ ಬಿಡಿಸಿದರು. ಒಂದೇ ಗಾತ್ರದ ಎರಡು ಪಾತ್ರೆ, ಒಂದೇ ಉರಿಯ ಎರಡು ಒಲೆ. ಪಾತ್ರೆಗಳ ಹಿಡಿಗೆ ಆಯಾ ಬಣ್ಣದ ದಾರ. ನೀರು ಕುದಿ ಹಿಡಿಯುವ ಮೊದಲೇ ಟೈಪಿಸ್ಟಮ್ಮ ಒಳಗೆ ಬಂದರು. ತಕ್ಕಡಿಗೆ ಬಟ್ಟೆ ಮುಚ್ಚಿದೆಯೆಂದು ಖಾತ್ರಿ ಮಾಡಿಕೊಂಡು ಉಸಿರಾಡಿದರು.

"ಸಾರ್, ಆ ಮನುಷ್ಯನಿಗೆ ಒಂದು ಪಾಠ ಆಗ್ಲೇಬೇಕು. ನಿಮ್ದು ಯಾವುದು ಅಂತ ಕಣ್ಣು ಮಿಟುಕಿಸಿ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ."

"ನನಗೇ ಗೊತ್ತಿಲ್ಲಮ್ಮ. ಗೊತ್ತಿದ್ರೂ ಹೇಳಲ್ಲ. ನಿಮ್ಮ ನಾಲಿಗೆ ಏನು ಹೇಳುತ್ತೋ ಅದನ್ನ ಹೇಳಿ."

ಟೈಪಿಸ್ಟಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು. ನೀಲಿ ಅಂಗಿ ಕಣ್ಣಿಗೆ ಬಿತ್ತು. "ಅರ್ಥ ಆಯ್ತು ಬಿಡಿ" ಎಂದು ನಗುತ್ತ ಹೋದರು. ಅವರಿಗೆ ಏನು ಅರ್ಥವಾಯಿತೆಂದು ಸಪ್ಪೆಯವರಿಗೆ ಅರ್ಥವಾಗಲಿಲ್ಲ.

ಹಿಂದೆಯೇ ಡ್ರೈವರಣ್ಣ. "ಅಣ್ಣಾ, ನಿಮ್ಮ ಪಾತ್ರೆ ಯಾವುದು?"

"ಎರಡೂ ಸರ್ಕಾರದ್ದು ಕಣಪ್ಪಾ. ಹೋಗಿ ಜೀಪು ತೊಳಿ."

ಹಾಗೆನ್ನುವಾಗ ಕೆಂಪು ದಾರದ ಪಾತ್ರೆ ಉಕ್ಕುವಂತಾಗಿ ಸಪ್ಪೆಯವರು ಅದರ ಉರಿ ತಗ್ಗಿಸಿದರು. ಡ್ರೈವರಣ್ಣನಿಗೆ ಅಷ್ಟೇ ಸಾಕಾಯಿತು. ತನ್ನ ಮಗುವಿನ ಕಡೆ ತಾಯಿ ಓಡುವುದಿಲ್ಲವೇ? ಅವನು ತಲೆಯಾಡಿಸಿಕೊಂಡು ಹೊರಬಿದ್ದ. ಜೀಪಿನ ಕಡೆಗಲ್ಲ, ಹಿತ್ತಲ ಕಡೆಗೆ.

ಸರಿಯಾಗಿ ಆ ಹೊತ್ತಿಗೆ ಸಾಹೇಬರಿಂದ ಕರೆ ಬಂತು. ಕರೆದದ್ದು ಯಾಕೆಂದರೆ, ಮಾಂಸ ಬೇಯಿಸುವಾಗ ತಮ್ಮ ಮೇಕೆಗೆ ಅನ್ಯಾಯವಾಗಬಾರದೆಂದು ಬುದ್ಧಿ ಹೇಳಲು. ಅವರು ನಿಧಾನವಾಗಿ ಬುದ್ಧಿ ಹೇಳುತ್ತಿದ್ದಾಗ ಇತ್ತ ಬುದ್ಧಿವಂತರು ಕೆಲಸಕ್ಕಿಳಿದಿದ್ದರು. ಮೊದಲು ಟೈಪಿಸ್ಟಮ್ಮ ಊಟದ ಡಬ್ಬಿಯೊಳಗಿನ ಉಪ್ಪಿನ ಪೊಟ್ಟಣ ತಂದು, ಪುಡಿಯುಪ್ಪನ್ನು ನೀಲಿ ಪಾತ್ರೆಗೆ ಉದುರಿಸಿ ಹೋದರು. ಆಮೇಲೆ ಡ್ರೈವರಣ್ಣ ಹಿತ್ತಲಿನಿಂದ ಹಿಡಿ ತುಂಬ ತಂದ ಕಲ್ಲುಪ್ಪಿನಲ್ಲಿ ಅರ್ಧವನ್ನು ಕೆಂಪು ಪಾತ್ರೆಗೆ ಹಾಕಿದ. ಬಾಗಿಲಲ್ಲಿ ಎದುರಾದ ವಾಚ್‌ಮನ್ನಿಗೆ ಉಳಿದರ್ಧ ಕೊಟ್ಟು, "ನಮ್ಮ ಸಪ್ಪೆಯವರು ಗೆಲ್ಲಬೇಕು ಕಣೋ" ಎಂದಷ್ಟೇ ಹೇಳಿ ಹೋದ. ವಾಚ್‌ಮನ್ನಿಗೆ ಯಾವ ಪಾತ್ರೆ ಯಾರದೆಂಬ ಗೊಡವೆಯಿಲ್ಲ. ಗೊತ್ತಿಲ್ಲದ ಮೇಲೆ ಪಕ್ಷಪಾತ ಯಾಕೆಂದು ಎರಡಕ್ಕೂ ಸಮನಾಗಿ ಹಾಕಿದ.

ಪಾಪ, ಮೂವರೂ ಪ್ರೀತಿಯಿಂದಲೇ ಮಾಡಿದರು. ಈ ಲೋಕದಲ್ಲಿ ಕೆಡುವ ಕೆಲಸಗಳಲ್ಲಿ ಅರ್ಧ ಪ್ರೀತಿಯಿಂದಲೇ ಕೆಡುವುದು ಎಂದು ನಾನು ಬೇಕಾದರೆ ಆಣೆ ಮಾಡಿ ಹೇಳುತ್ತೇನೆ.

ಮಧ್ಯಾಹ್ನ ರುಚಿಯ ಕೋಣೆಯಲ್ಲಿ ಮೂವರನ್ನೂ ಗೋಡೆಗೆ ಮುಖ ಮಾಡಿಸಿ, ನಡುವೆ ಪರದೆ ಇಳಿಬಿಟ್ಟು ಕೂರಿಸಲಾಯಿತು. ಒಬ್ಬರ ಮುಖ ನೋಡಿ ಇನ್ನೊಬ್ಬರು ತೀರ್ಪು ಕೊಡಬಾರದಲ್ಲ. ಪ್ರತಿಯೊಬ್ಬರ ಮುಂದೆಯೂ ಎರಡು ತಟ್ಟೆ, ಬಾಯಿ ಮುಕ್ಕಳಿಸಲು ಒಂದು ಲೋಟ ನೀರು. ಹಿಂದೆ ಸಾಹೇಬರು ಕುರ್ಚಿ ಹಾಕಿಕೊಂಡು ಕಾಲು ಕುಣಿಸುತ್ತಿದ್ದರು. ಕಚೇರಿಯ ಉಳಿದವರೆಲ್ಲ ಬಾಗಿಲಲ್ಲಿ ಕತ್ತು ತೂರಿಸಿದ್ದರು.

ಟೈಪಿಸ್ಟಮ್ಮ ಒಂದು ತುಂಡು ತಿಂದು ಲೋಟ ಖಾಲಿ ಮಾಡಿದರು. ಡ್ರೈವರಣ್ಣ ಎರಡನೆಯ ಲೋಟ ಕೇಳಿದ. ವಾಚ್‌ಮನ್ ಲೋಟ ಬಿಟ್ಟು ಹೂಜಿಗೇ ಕೈ ಹಾಕಿದ.

"ಏನು, ಇವತ್ತು ಎಲ್ಲರಿಗೂ ಇಷ್ಟು ಬಾಯಾರಿಕೆ?" ಎಂದರು ಸಪ್ಪೆಯವರು.

"ಬಿಸಿಲು ಸಾರ್," ಎಂದ ವಾಚ್‌ಮನ್. ಹೊರಗೆ ಮೋಡ ಕವಿದಿತ್ತು.

"ಆದ್ರೂ ಇವತ್ತಿನ ಮಾಂಸ ಭಾರೀ ರುಚಿ ಬಿಡಿ!" ಎಂದು ಪರದೆಯ ಹಿಂದಿನಿಂದ ಟೈಪಿಸ್ಟಮ್ಮ ಉದ್ಗರಿಸಿದರು.

ಸಪ್ಪೆಯವರು ತಟ್ಟನೆ ಅತ್ತ ತಿರುಗಿದರು. ಆ ಕಚೇರಿ ಹುಟ್ಟಿದಾಗಿನಿಂದ ಅವರು ಬೇಯಿಸಿದ್ದನ್ನು ಯಾರೂ ರುಚಿ ಎಂದಿರಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಸಪ್ಪೆಯವರು ನುಗ್ಗಿ ತಟ್ಟೆಯ ತುಂಡೊಂದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮಾಂಸದ ಮಡಿಕೆಯೊಳಗೆ ಇನ್ನೂ ಕರಗದ ಒಂದು ಹರಳು ಮಿನುಗುತ್ತಿತ್ತು. ಅದಕ್ಕೊಂದು ಸಣ್ಣ ಕೂದಲು ಅಂಟಿತ್ತು.

"ಕಲ್ಲುಪ್ಪು!" ಎಂದು ಅವರು ಕೂಗಿದರು. "ತೊಗಲಿನ ಶೆಡ್ಡಿನ ಕಲ್ಲುಪ್ಪು!"

ಪರದೆಯ ಹಿಂದೆ ಟೈಪಿಸ್ಟಮ್ಮ ವ್ಯಾಕ್ ಎಂದರು. "ಥೂ! ನಾನು ಹಾಕಿದ್ದು ಮನೆ ಉಪ್ಪು! ಚರ್ಮದ ಉಪ್ಪು ಹಾಕಿದೋರು ಯಾರು?"

"ನೀವೂ ಹಾಕಿದ್ರಾ?" ಎಂದ ಡ್ರೈವರಣ್ಣ.

"ನಾನು ಎರಡಕ್ಕೂ ಹಾಕ್ದೆ, ಜಗಳ ಬೇಡ ಅಂತ," ಎಂದ ವಾಚ್‌ಮನ್.

ಬಾಗಿಲಲ್ಲಿದ್ದವರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಹೆಡ್ ಗುಮಾಸ್ತರು ಸಪ್ಪೆಯವರ ಕಿವಿಯ ಬಳಿ ಬಂದು ಪಿಸುಗುಟ್ಟಿದರು. "ಬಾಯಿ ಮುಚ್ಕೊಂಡಿರಿ ಮಾರಾಯ್ರೇ. ಈಗ ತಾನೇ ಕೇಳ್ಕೊಂಡು ಬಂದೆ, ಮೂವರಲ್ಲಿ ಇಬ್ಬರು ನೀಲಿಗೇ ಅಂತಾರೆ. ನೀವೇ ಗೆದ್ದ ಹಾಗೆ."

ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಕೋಣೆ ಉಳಿಯುತ್ತಿತ್ತು, ತಕ್ಕಡಿ ಉಳಿಯುತ್ತಿತ್ತು, ಮನೆಯೊಳಗಿನ ಹಾಸಿಗೆಯೂ ಉಳಿಯುತ್ತಿತ್ತು. ಒಂದು ಕ್ಷಣ ಸಪ್ಪೆಯವರಿಗೂ ಅದೆಲ್ಲ ಕಣ್ಣ ಮುಂದೆ ಬಂದು ಹೋಯಿತು. ಆದರೆ ಅವರು ಎದೆ ಸೆಟೆಸಿ ಸಾಹೇಬರ ಮುಂದೆ ನಿಂತರು.

"ಸಾರ್, ಈ ಪರೀಕ್ಷೆ ಕೆಟ್ಟಿದೆ. ಇದು ಉಪ್ಪಿನ ಪರೀಕ್ಷೆ, ಮೇಕೇದಲ್ಲ. ನಾನು ಮತ್ತೆ ಬೇಯಿಸ್ತೀನಿ."

"ಸೋಲೋ ಭಯಾನಾ?"

"ಗೆಲ್ತಿದ್ದೀನಂತೆ ಸಾರ್. ಕದ್ದ ಉಪ್ಪಿನಿಂದ ಬಂದ ಗೆಲುವು ನನಗೆ ಬೇಡ."

"ಮತ್ತೆ ಬೇಯಿಸ್ತಾರಂತೆ!" ಎಂದು ಟೈಪಿಸ್ಟಮ್ಮ ತಲೆಗೆ ಕೈ ಹೊತ್ತರು. "ಒಂದೇ ದಿನ ಎರಡು ಸಲ ಇವರ ಸಪ್ಪೆ ತಿನ್ನಬೇಕಂತೆ! ಇಂಥವರಿಗೆ ಸಹಾಯ ಮಾಡೋಕೆ ಹೋದ ನಮಗೆ ಬುದ್ಧಿ ಇಲ್ಲ."

ಅಲ್ಲಿಗೆ, ಬೆಳಗಿನಿಂದ ಅವರ ಕಡೆಗಿದ್ದ ಮೂರು ಜನ ನಾಲಿಗೆಯ ಸಮೇತ ಎದುರು ಪಕ್ಷ ಸೇರಿದರು.

ಸಪ್ಪೆಯವರು ಉಳಿದ ಮಾಂಸದೊಂದಿಗೆ ಕೋಣೆ ಸೇರಿ ಒಳಗಿನಿಂದ ಚಿಲಕ ಹಾಕಿದರು. ಹೊಸ ನೀರು, ತೊಳೆದ ಪಾತ್ರೆ. ಎರಡೂ ಒಲೆಗಳ ನಡುವೆ ಸ್ಟೂಲು ಹಾಕಿಕೊಂಡು, ಕೈಯಲ್ಲಿ ಇಕ್ಕಳ ಹಿಡಿದು, ಕೋಟೆ ಕಾಯುವ ಸಿಪಾಯಿಯಂತೆ ಕೂತರು. ಫೋನು ಬಡಿದುಕೊಂಡಿತು. ಯಾರದೆಂದು ಗೊತ್ತಿತ್ತು, ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು.

"ನಾನು," ಎಂಬ ಸಾಹೇಬರ ದನಿ. ಮೆತ್ತಗಿತ್ತು. ಪರೀಕ್ಷೆಯಲ್ಲಿ ಸೋತರೆ ತಮ್ಮ ಮಾನವೂ ಹೋಗುತ್ತದೆಂದು ಅವರಿಗೂ ಅನ್ನಿಸಿರಬೇಕು. "ನೋಡಿ, ಇಬ್ಬರೂ ವಯಸ್ಸಾದೋರು. ನಕ್ಕಿದ್ದು ತಪ್ಪಾಯ್ತು ಅಂತ ಒಂದು ಮಾತು ಅಂದ್ಬಿಡಿ. ಪರೀಕ್ಷೆಯೂ ಬೇಡ, ಶೆಡ್ಡೂ ಬೇಡ. ನೀವು ನಿಮ್ಮ ಕೋಣೇಲಿರಿ, ನಾನು ನನ್ನ ಕೋಣೇಲಿರ್ತೀನಿ."

ಒಳ್ಳೆಯ ಮಾತು. ಹೆಂಡತಿ ಕೇಳಿಸಿಕೊಂಡಿದ್ದರೆ ಬಾಗಿಲು ಒಡೆದು ಒಪ್ಪಿಸುತ್ತಿದ್ದಳು. ಸಪ್ಪೆಯವರು ಪಾತ್ರೆಗಳನ್ನು ನೋಡಿದರು, ತಕ್ಕಡಿಯನ್ನು ನೋಡಿದರು.

"ತಪ್ಪಾಯ್ತು ಅಂದ್ರೆ ಮೇಕೆ ಕೊಬ್ಬನ್ನ ಬೇರೆ ಕಡೆ ಇಟ್ಕೊಳ್ಳುತ್ತಾ ಸಾರ್?"

"ಏನಂದ್ರಿ?"

"ಮಾಂಸ ಬೇಯ್ತಾ ಇದೆ. ಆಮೇಲೆ ಬನ್ನಿ."

ಹೆಜ್ಜೆಯ ಸದ್ದು ದೂರವಾಯಿತು. ಅದು ಸಿಟ್ಟಿನ ಹೆಜ್ಜೆ ಎಂದು ಕುರುಡನಿಗೂ ತಿಳಿಯುವಂತಿತ್ತು.

ಎರಡನೆಯ ಸುತ್ತಿಗೆ ಮೂವರೂ ಹರಳೆಣ್ಣೆ ಕುಡಿಯಲು ಬಂದವರಂತೆ ಬಂದು ಕೂತರು. "ಇವರದು ಯಾವುದು ಅಂತ ಗೊತ್ತಾದ್ರೆ ಸಾಕು, ಅದಕ್ಕೆ ಸೊನ್ನೆ" ಎಂದು ಟೈಪಿಸ್ಟಮ್ಮ ಎಲ್ಲರಿಗೂ ಕೇಳುವಂತೆ ಸಾರಿದರು. ಅಗಿದರು. ಕೆಂಪು ಅಗಿದರು, ನೀಲಿ ಅಗಿದರು, ಮತ್ತೆ ಕೆಂಪು ಅಗಿದರು. ಸೊನ್ನೆ ಕೊಡುವ ಹುಮ್ಮಸ್ಸೇನೋ ಇತ್ತು, ಕೊಡುವುದು ಯಾವುದಕ್ಕೆ ಎಂಬುದೇ ಬಗೆಹರಿಯಲಿಲ್ಲ. ಪರದೆಯಾಚೆ ಡ್ರೈವರಣ್ಣನ ದವಡೆ ಹಳೆಯ ಜೀಪಿನ ಗೇರಿನಂತೆ ಕಟಕಟ ಎನ್ನುತ್ತಿತ್ತು.

"ಹೇಳಿ, ಯಾವುದು ರುಚಿ?" ಎಂದರು ಸಾಹೇಬರು ತಾಳ್ಮೆ ಕೆಟ್ಟು.

"ಒಂದು ಸಪ್ಪೆ ಸಾರ್," ಎಂದ ಡ್ರೈವರಣ್ಣ.

"ಇನ್ನೊಂದು?"

"ಅದೂ ಸಪ್ಪೆ."

"ನನಗೂ ಅಷ್ಟೇ," ಎಂದ ವಾಚ್‌ಮನ್. "ಬೇಕಾದ್ರೆ ಇನ್ನೂ ನಾಲ್ಕು ತುಂಡು ತಿಂದು ಹೇಳ್ತೀನಿ, ಆದ್ರೆ ಅದನ್ನೇ ಹೇಳ್ತೀನಿ."

ಟೈಪಿಸ್ಟಮ್ಮ ಬಹಳ ಹೊತ್ತು ಹಲ್ಲು ಕಚ್ಚಿ ಕೂತಿದ್ದು, ಕೊನೆಗೆ ಸೋತು, "ಎರಡೂ ಒಂದೇ" ಎಂದರು. ಸತ್ಯ ಹೇಳಲು ಅವರಿಗೆ ಅಷ್ಟು ಕಷ್ಟವಾದದ್ದನ್ನು ಯಾರೂ ಎಂದೂ ನೋಡಿರಲಿಲ್ಲ.

"ನಿಮಗೆ ನಾಲಿಗೆ ಇಲ್ಲ!" ಎಂದು ಸಾಹೇಬರು ಎದ್ದೇ ಬಂದರು. ಕೆಂಪು ತಟ್ಟೆಯಿಂದೊಂದು ತುಂಡು, ನೀಲಿ ತಟ್ಟೆಯಿಂದೊಂದು ತುಂಡು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಅಗಿದರು. ಅಗಿಯುತ್ತ ಅಗಿಯುತ್ತ ಹುಬ್ಬು ಗಂಟಾಯಿತು. ಆದರೂ ಬೆರಳೆತ್ತಿ ಕೆಂಪು ತಟ್ಟೆ ತೋರಿಸಿದರು. "ಇದು ನನ್ನ ಮೇಕೆ! ಬೆಣ್ಣೆ ಹಾಗಿದೆ! ಹೆಡ್ ಗುಮಾಸ್ತರೇ, ಹೇಳಿ, ಕೆಂಪು ನಂದೇ ತಾನೇ?"

ಎಲ್ಲರೂ ಹೆಡ್ ಗುಮಾಸ್ತರ ಕಡೆ ತಿರುಗಿದರು. ಅವರು ಹಣೆ ತಟ್ಟಿಕೊಂಡರು. ಇನ್ನೊಮ್ಮೆ ತಟ್ಟಿಕೊಂಡರು.

"ಕೆಂಪು... ಅಂದ್ರೆ ಮೊದ್ಲು ನಾನು ಕೆಂಪು ದಾರ ತಗೊಂಡೆ ಸಾರ್. ತಗೊಂಡು, ಕನ್ನಡಕ ಹುಡುಕ್ದೆ..."

"ಕಟ್ಟಿದ್ದು ಯಾವುದಕ್ಕೆ?"

"ತೊಡೆಗೆ, ಸಾರ್."

"ಯಾವ ತೊಡೆಗೆ!"

"ಅದೇ ನೆನಪಾಗ್ತಿಲ್ಲ."

"ಮತ್ತೆ ನಾನೇ ಗೆದ್ದ ಹಾಗೆ ಅಂದ್ರಲ್ಲ ಆಗ?" ಎಂದರು ಸಪ್ಪೆಯವರು.

"ನಿಮಗೆ ಧೈರ್ಯ ಇರ್ಲಿ ಅಂತ ಅಂದೆ."

ಸಪ್ಪೆಯವರಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅದರ ಬದಲು ಮುಖ ಅರಳಿತು. ಅವರು ಎರಡೂ ತಟ್ಟೆಗಳನ್ನು ಎರಡು ಕೈಯಲ್ಲಿ ಎತ್ತಿ ಹಿಡಿದರು.

"ಕೇಳಿಸ್ಕೊಳ್ಳಿ ಎಲ್ಲರೂ! ದಾರ ಕಟ್ಟಿದೋರಿಗೆ ಗೊತ್ತಿಲ್ಲ. ತಿಂದೋರಿಗೆ ಗೊತ್ತಾಗ್ಲಿಲ್ಲ. ಮೇವು ಕಲಸಿದೋರೇ ಅಗಿದು ನೋಡಿದ್ರು, ಅವರಿಗೂ ಗೊತ್ತಾಗ್ಲಿಲ್ಲ. ಅಷ್ಟು ಮೇವು ತಿಂದ ಮೇಕೆಗೂ ಗುಡ್ಡದ ಮೇಕೆಗೂ ತೊಡೇಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಬೆಳಗ್ಗೆ ನಾನು ಹೇಳಿದ್ದೇನು? ಇದನ್ನೇ ತಾನೇ!"

ಬಾಗಿಲಲ್ಲಿದ್ದವರು ಶಿಳ್ಳೆ ಹಾಕಿದರು. ವಾಚ್‌ಮನ್ ಪಕ್ಷ ಬದಲಿಸಿದ್ದನ್ನು ಮರೆತು ಚಪ್ಪಾಳೆ ತಟ್ಟಿದ. ಟೈಪಿಸ್ಟಮ್ಮನೂ ಮನಸ್ಸಿಲ್ಲದ ಮನಸ್ಸಿನಿಂದ ನಾಲ್ಕು ಚಪ್ಪಾಳೆ ಕೊಟ್ಟರು. ಸಾಹೇಬರು ಉಳಿದ ನೀರನ್ನೆಲ್ಲ ಕುಡಿದು, ಬಾಯಿ ಒರೆಸಿಕೊಂಡು, ಏನೋ ಯೋಚಿಸುತ್ತ ನಿಂತರು. ಆಮೇಲೆ ಅವರ ಮುಖ ತಿಳಿಯಾಯಿತು. ಅಷ್ಟೇ ಅಲ್ಲ, ಪ್ರಸನ್ನವಾಯಿತು.

"ಮಾತು ಅಂದ್ರೆ ಮಾತು," ಎಂದರು ಅವರು. "ಎಲ್ಲರ ಎದುರಿಗೆ ಹೇಳ್ತಿದ್ದೀನಿ. ಇವರು ಹೇಳಿದ್ದೇ ಸರಿ. ಮೇಕೆಮಾಂಸದಲ್ಲಿ ಕೊಬ್ಬು ಅನ್ನೋದು ಇಲ್ಲ ಅನ್ನುವಷ್ಟೇ. ಏನು ತಿನ್ಸಿದ್ರೂ ಅಷ್ಟೇ, ತಿನ್ಸದಿದ್ರೂ ಅಷ್ಟೇ."

ಸಪ್ಪೆಯವರು ಮದುವೆ ಗಂಡಿನಂತೆ ತಲೆಬಾಗಿ ನಿಂತರು. ಇಷ್ಟು ವರ್ಷಗಳಲ್ಲಿ ಯಾರೂ ಅವರಿಗೆ 'ನೀವೇ ಸರಿ' ಎಂದಿರಲಿಲ್ಲ. ಕಣ್ಣಂಚಿನಲ್ಲಿ ನೀರಾಡಿತು. ಅದನ್ನವರು ಮುಚ್ಚಿಟ್ಟುಕೊಳ್ಳಲಿಲ್ಲ.

"ಅಂದ ಮೇಲೆ," ಎಂದು ಸಾಹೇಬರು ಮುಂದುವರಿಸಿದರು, "ಇಲ್ಲದ ಕೊಬ್ಬನ್ನ ದಿನಾ ಅರೆದು, ಒಣಗ್ಸಿ, ತೂಗೋದಕ್ಕೆ ಒಂದು ಕೋಣೆ, ಒಂದು ತಕ್ಕಡಿ, ಒಬ್ಬ ಮನುಷ್ಯ ಯಾಕೆ ಬೇಕು? ಕೊಬ್ಬಿನ ಕೋಣೆ ನಾಳೆಯಿಂದ ಬಂದ್."

ಚಪ್ಪಾಳೆ ತಟ್ಟುತ್ತಿದ್ದ ಕೈಗಳು ನಡುವೆಯೇ ನಿಂತವು.

"ಸಾರ್, ಗೆದ್ದಿದ್ದು ನಾನು!" ಎಂದರು ಸಪ್ಪೆಯವರು.

"ಅದನ್ನೇ ಅಲ್ವಾ ನಾನೂ ಹೇಳ್ತಿರೋದು. ಸೋತಿದ್ರೆ ಕೋಣೆ ಇರ್ತಿತ್ತು, ನನ್ನ ಮೇಕೆ ಕೊಬ್ಬು ತೂಗೋಕೆ ಬೇರೆ ಯಾರನ್ನಾದ್ರೂ ಕೂರಿಸ್ತಿದ್ದೆ. ಕೋಣೆ ಬೇಡ ಅಂತ ಸಾಬೀತು ಮಾಡಿದೋರು ನೀವೇ. ಸೋತ್ರೆ ತೊಗಲಿನ ಶೆಡ್ಡು ಅಂದಿದ್ದೆ, ನಿಜ. ಗೆದ್ರೆ ಇಲ್ಲೇ ಇರ್ತೀರಿ ಅಂತ ಯಾವಾಗ ಅಂದಿದ್ದೆ?"

"ಹಾಗಾದ್ರೆ ನಿಮ್ಮ ಮೇವು? ಅದನ್ನ ಮೊದ್ಲು ನಿಲ್ಲಿಸಿ!"

"ಯಾಕೆ ನಿಲ್ಲಿಸ್ಲಿ? ಹೊಟ್ಟೆಯೊಳಗೆ ಬಕೆಟ್ಟುಗಟ್ಟಲೆ ಕೊಬ್ಬು ಸೇರುತ್ತೆ ಅಂತ ನೀವೇ ಹೇಳಿದ್ದು, ಅದು ಸರಿ ಅಂತ ಈಗ ತಾನೇ ನಾನು ಒಪ್ಕೊಂಡಿದ್ದು. ಅದನ್ನ ಕರಗಿಸಿ ಸಾಬೂನು ಮಾಡೋಣ. ಒಲೆ ತೊಗಲಿನ ಶೆಡ್ಡಲ್ಲಿ ಹಾಕಿಸ್ತೀನಿ, ಉಸ್ತುವಾರಿ ನಿಮ್ದೇ. ಮೇಕೆ ಕೊಬ್ಬನ್ನ ಎಲ್ಲಿಡುತ್ತೆ ಅಂತ ನಿಮಗಿಂತ ಚೆನ್ನಾಗಿ ಗೊತ್ತಿರೋರು ಈ ಕಚೇರೀಲಿ ಯಾರಿದ್ದಾರೆ?"

ಡ್ರೈವರಣ್ಣ ನೆಲ ನೋಡಿದ. ಟೈಪಿಸ್ಟಮ್ಮ, "ಅಯ್ಯೋ ದೇವ್ರೇ, ಈಗಲಾದ್ರೂ ತಪ್ಪಾಯ್ತು ಅಂದ್ಬಿಡಿ ಸಾರ್" ಎಂದು ಪಿಸುಗುಟ್ಟಿದರು. ಸಪ್ಪೆಯವರು ಎರಡೂ ತಟ್ಟೆಗಳನ್ನು ಮೇಜಿನ ಮೇಲಿಟ್ಟರು. ಕುತ್ತಿಗೆ ನೆಟ್ಟಗೇ ಇತ್ತು.

"ಹೋಗ್ತೀನಿ ಸಾರ್. ನಾಳೆ ಬೆಳಗ್ಗೆಯೇ ಹೋಗ್ತೀನಿ. ಆದ್ರೆ ನಾನು ಹೇಳಿದ್ದೇ ಸರಿ ಅಂತ ಇನ್ನೊಂದು ಸಲ ಹೇಳಿ. ಬಾಗಿಲ ಹತ್ರ ಇರೋರಿಗೆ ಸರಿಯಾಗಿ ಕೇಳಿಸ್ಲಿಲ್ಲ."

ಸಾಹೇಬರು ಬಾಗಿಲ ಕಡೆ ತಿರುಗಿ, ಧಾರಾಳವಾಗಿ, ಗಟ್ಟಿಯಾಗಿ, ಇನ್ನೊಂದು ಸಲ ಹೇಳಿದರು.